ಟಿಬಿಗೂ ಶುಗರ್‌ಗೂ ಒಟ್ಟಿಗೆ ಔಷಧ ಕೊಡುವಾಗ ನಾನು ಅನುಸರಿಸುವ ಕ್ರಮ

ಟಿಬಿ ಖಚಿತವಾದ ದಿನವೇ ಬೆರಳು ಚುಚ್ಚಿ ಸಕ್ಕರೆ ನೋಡುತ್ತೇನೆ, 'ನನಗೆ ಶುಗರ್ ಇಲ್ಲ ಸಾರ್' ಎಂದವರಿಗೂ. ಸಕ್ಕರೆ ಕಾಯಿಲೆಯವರಿಗೆ ಟಿಬಿ ತಗಲುವ ಸಂಭವ ಉಳಿದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಹಾಗಾಗಿ ಶುಗರ್ ತೋರಿಸಲು ಬಂದವರನ್ನೂ ಕೆಮ್ಮು, ಸಂಜೆ ಜ್ವರ, ತೂಕ ಇಳಿತದ ಬಗ್ಗೆ ವಿಚಾರಿಸದೆ ಕಳಿಸುವುದಿಲ್ಲ. ತೂಕ ಇಳಿದದ್ದನ್ನು ಶುಗರ್ ತಲೆಗೇ ಕಟ್ಟಿಬಿಟ್ಟರೆ ಟಿಬಿ ತಪ್ಪಿಹೋಗುತ್ತದೆ. ಇವರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗದಲ್ಲಷ್ಟೇ ಕಲೆ ಕಂಡರೂ ಕಫ ಪರೀಕ್ಷೆಗೆ ಹೋಗಲೇಬೇಕು.

ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎನ್ನುತ್ತೇವೆ. ಆದರೆ ಸೋಂಕಿನ ಒತ್ತಡಕ್ಕೇ ಸಕ್ಕರೆ ಏರುವುದುಂಟು. ಹೊಸದಾಗಿ ಗೊತ್ತಾದವರಿಗೆ ಟಿಬಿ ಹಿಡಿತಕ್ಕೆ ಬಂದ ಮೇಲೆ ಮತ್ತೆ ಪರೀಕ್ಷಿಸುತ್ತೇನೆ. ಅಲ್ಲಿಯವರೆಗೆ ಹೆಚ್ಚಿರುವ ಸಕ್ಕರೆಯನ್ನು ಹಾಗೇ ಬಿಡುವುದಿಲ್ಲ.

ನಿಜವಾದ ತೊಡಕು ಟಿಬಿ ಔಷಧ ರಿಫಾಂಪಿಸಿನ್‌ನದು. ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆಗಳು ದೇಹದಲ್ಲಿ ಬೇಗ ಕರಗಿಹೋಗಿ, ಅದೇ ಡೋಸ್ ನುಂಗಿದರೂ ಒಂದೆರಡು ವಾರದಲ್ಲಿ ಸಕ್ಕರೆ ಏರತೊಡಗುತ್ತದೆ. ಪಥ್ಯ ತಪ್ಪಿದಿರಿ ಎಂದು ರೋಗಿಯನ್ನು ಗದರುವುದು ಅನ್ಯಾಯ. ಮೂತ್ರಪಿಂಡ ಸರಿಯಿದ್ದರೆ ನನ್ನ ಮೊದಲ ಆಯ್ಕೆ ಮೆಟ್‌ಫಾರ್ಮಿನ್. ಸಕ್ಕರೆ ತೀರಾ ಹೆಚ್ಚಿದ್ದರೆ, ದೇಹ ಸೊರಗಿದ್ದರೆ ಇನ್ಸುಲಿನ್. ಟಿಬಿ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮೆಟ್‌ಫಾರ್ಮಿನ್ ಊಟದ ಜೊತೆಗೆ. ಎರಡನ್ನೂ ಒಟ್ಟಿಗೇ ನುಂಗಿದರೆ ವಾಕರಿಕೆ ಜಾಸ್ತಿ, ಆಮೇಲೆ ಎರಡನ್ನೂ ಬಿಟ್ಟುಬಿಡುತ್ತಾರೆ. ವಾಂತಿಯಾಗಿ ಊಟ ಸೇರದ ದಿನ ಗ್ಲಿಮೆಪಿರೈಡ್ ತಗೋಬೇಡಿ, ಇನ್ಸುಲಿನ್ ಇದ್ದರೆ ನಮ್ಮನ್ನು ಕೇಳದೆ ನಿಲ್ಲಿಸಬೇಡಿ ಎಂದು ಮನೆಯವರಿಗೂ ಹೇಳುತ್ತೇನೆ.

ಟಿಬಿ ಮಾತ್ರೆ ಐಸೋನಿಯಾಜಿಡ್‌ನಿಂದಲೂ ಶುಗರ್‌ನಿಂದಲೂ ಪಾದ ಉರಿ, ಜೋಮು ಬರುತ್ತದೆ. ದಿನಕ್ಕೆ 10 ಮಿ.ಗ್ರಾಂ. ಪಿರಿಡಾಕ್ಸಿನ್ (ಬಿ6 ವಿಟಮಿನ್) ಮೊದಲ ದಿನದಿಂದಲೇ ಕೊಡಬೇಕು. ಇನ್ನೊಂದು ಟಿಬಿ ಮಾತ್ರೆ ಎಥಾಂಬುಟಾಲ್ ಶುರು ಮಾಡುವ ಮುಂಚೆ ಕಣ್ಣಿನ ದೃಷ್ಟಿ, ಬಣ್ಣ ಗುರುತಿಸುವುದು ಎರಡನ್ನೂ ಬರೆದಿಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಮುಂದೆ ಕಣ್ಣು ಮಂಜಾದಾಗ ಕಾರಣ ಶುಗರೋ ಮಾತ್ರೆಯೋ ಗೊತ್ತಾಗುವುದಿಲ್ಲ.

ಶಕ್ತಿ ಬರಲೆಂದು ಮನೆಯವರು ಗ್ಲುಕೋಸ್ ಪುಡಿ, ಬೆಲ್ಲ ಹಾಕಿದ ರಾಗಿ ಗಂಜಿ ಕೊಡುತ್ತಾರೆ. ತೂಕ ಏರಲೇಬೇಕು, ಊಟ ಕಡಿಮೆ ಮಾಡಿಸಬಾರದು. ಮುದ್ದೆ ಚಿಕ್ಕದಾಗಲಿ, ಸಾರಿನಲ್ಲಿ ಕಾಳು ಹೆಚ್ಚಲಿ, ದಿನಕ್ಕೆರಡು ಮೊಟ್ಟೆ ಇರಲಿ. ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1000 ರೂಪಾಯಿ ಇದಕ್ಕೇ ಹೋಗಲಿ.

ಟಿಬಿ ಮಾತ್ರೆ ಮುಗಿದ ಮೇಲಿನ ಎರಡು ವಾರ ನನಗೆ ಹೆಚ್ಚು ಆತಂಕ. ರಿಫಾಂಪಿಸಿನ್ ನಿಂತು ಕಿಣ್ವಗಳ ಚುರುಕು ಇಳಿಯುತ್ತದೆ, ಆದರೆ ಏರಿಸಿದ್ದ ಗ್ಲಿಮೆಪಿರೈಡ್ ಡೋಸ್ ಚೀಟಿಯಲ್ಲಿ ಹಾಗೇ ಉಳಿದಿರುತ್ತದೆ. ಸಕ್ಕರೆ ದಿಢೀರ್ ಇಳಿದು ಬೆವರು, ನಡುಕ ಶುರುವಾಗುತ್ತದೆ. ಕೊನೆಯ ಟಿಬಿ ಡೋಸ್‌ನ ದಿನವೇ ಮರುಭೇಟಿಯ ತಾರೀಖು ಬರೆದು, ಆ ಎರಡು ವಾರ ಸಕ್ಕರೆ ಪದೇಪದೇ ನೋಡಿ ಡೋಸ್ ಇಳಿಸುತ್ತೇನೆ.