ಕೈಲ್ ಮುಹೂರ್ತದ ಹೊತ್ತಿಗೆ ಕಾರ್ಬುರೇಟರ್ ತೊಳೆಯುವುದು

ಜೂನ್‌ನಲ್ಲಿ ಮಳೆ ಹಿಡಿದರೆ ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ ಸೌದೆ ಕೊಟ್ಟಿಗೆ ಸೇರುತ್ತದೆ. ಕೊಡಗಿನ ನಾಪೋಕ್ಲು ಕಡೆಯ ಮಳೆ ಗೊತ್ತಲ್ಲ, ಗೋಡೆಯೂ ಬೆವರುತ್ತದೆ. ಸೆಪ್ಟೆಂಬರ್ ಮೊದಲ ವಾರ, ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ಮನೆಯವರು ಕೋವಿ ಒರೆಸಿ ಎಣ್ಣೆ ಹಚ್ಚುವಾಗ ನಾನು ಪಕ್ಕದಲ್ಲಿ ಗೋಣಿಚೀಲ ಹಾಸಿ, ಎಂಜಿನ್‌ಗೆ ಪೆಟ್ರೋಲ್ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಬಿಚ್ಚುತ್ತಿರುತ್ತೇನೆ. ಇದನ್ನು ತೊಳೆಯಲು ಅಂಗಡಿಯ ಸ್ಪ್ರೇ ಒಳ್ಳೆಯದೇ. ಆದರೆ ಅದನ್ನು ತರಲು ಮಡಿಕೇರಿಗೆ ಹೋಗಬೇಕು, ಹೋಗಲು ಬೈಕ್ ಬೇಕು!

ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಮುಚ್ಚಿ, ಒಲೆಯಿಂದ ದೂರ, ಅಂಗಳದಲ್ಲಿ ಬಿಚ್ಚಿ. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿ ನಿಂತಿತು ಅಂತ ಎಣಿಸಿ ಬರೆದಿಡಿ. ನಾನು ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತೇನೆ. ರಬ್ಬರ್, ಗ್ಯಾಸ್ಕೆಟ್, ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಎಲ್ಲ ಬೇರೆ ಎತ್ತಿಡಿ. ಮುಂದೆ ಹೇಳುವ ಯಾವುದೂ ಅವಕ್ಕಲ್ಲ.

ಈಗ ಕೊಳೆ ನೋಡಿ. ನಿಂತ ಪೆಟ್ರೋಲ್ ಆರಿ ಬೆಲ್ಲದ ಪಾಕದ ಹಾಗೆ ಕಂದು ಅಂಟಾಗಿರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತದೆ. ಆ ನೀರು, ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಅಂದರೆ ಬೌಲ್‌ನ ತಳಕ್ಕಿಳಿದು ಬಿಳಿ ಪುಡಿ ಕಟ್ಟುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಜೆಟ್‌ಗಳಿಗೆ ಕಿಲುಬು ಹಿಡಿದಿರುತ್ತದೆ. ಒಂದೊಂದಕ್ಕೂ ಮದ್ದು ಬೇರೆ.

ಅಂಟಿಗೆ ಸೀಮೆಎಣ್ಣೆ, ಸಿಗದಿದ್ದರೆ ಪೇಂಟ್‌ಗೆ ತಂದ ಥಿನ್ನರ್. ಲೋಹದ ಭಾಗಗಳನ್ನು ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಆಮೇಲೆ ಪಾತ್ರೆ ಸೋಪಿನಲ್ಲಿ ಎರಡು ಸಲ ತೊಳೆದು ಪೂರ್ತಿ ಒಣಗಿಸಿ. ವಾಸನೆ ಹೋಗದೆ ಬೆಂಕಿ ಹತ್ತಿರ ತರಲೇಬೇಡಿ, ಯಾಕೆಂದರೆ ಮುಂದಿನದು ಒಲೆಯ ಕೆಲಸ.

ಬಿಳಿ ಪುಡಿಗೆ ನಿಂಬೆ. ಎರಡು ಲೀಟರ್ ನೀರಿಗೆ ಎಂಟು ಹತ್ತು ನಿಂಬೆಹಣ್ಣು ಹಿಂಡಿ, ಮತ್ತೆ ಅಡುಗೆಗೆ ಬಳಸದ ಹಳೇ ಸ್ಟೀಲ್ ಪಾತ್ರೆಯಲ್ಲಿ ಕಾರ್ಬುರೇಟರ್ ಬಾಡಿ, ಬೌಲ್ ಮುಳುಗಿಸಿ ಕಾಲು ಗಂಟೆ ಕುದಿಸಿ. ಸಾಕು. ಜಾಸ್ತಿ ಹೊತ್ತು ಇಟ್ಟರೆ ಹೊಳಪು ಬರುತ್ತದೆ ಅಂತ ಒಂದು ವರ್ಷ ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಬಾಡಿ ಬೂದಿ ಬಣ್ಣಕ್ಕೆ ತಿರುಗಿ ಒರಟಾಗಿತ್ತು, ಆಕ್ಸಿಲರೇಟರ್ ತಿರುಗಿಸಿದಾಗ ಒಳಗೆ ಏರಿಳಿಯುವ ಸ್ಲೈಡ್ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಮ್ಮೆ ನಿಂಬೆ ಇರಲಿಲ್ಲ. ಹುಳಿ ಅಂದರೆ ಹುಳಿ ಅಂತ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿಯ ಬಾಟಲಿಗೆ ಕೈ ಹಾಕಿದೆ. ಪಂದಿ ಕರಿಗೆ (ಹಂದಿ ಸಾರಿಗೆ) ಎತ್ತಿಟ್ಟಿದ್ದು ಅದು. ಅವ್ವ ಏನೂ ಹೇಳಲಿಲ್ಲ, ಬಾಟಲಿಯನ್ನು ತನ್ನ ಪೆಟ್ಟಿಗೆಗೆ ಸೇರಿಸಿದಳು. ಕುದಿಸಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ ತೆಗೆದರೆ ಉಳಿದ ಹುಳಿ ಸಾಯುತ್ತದೆ. ಬಟ್ಟೆ ಸೋಡಾ ಬೇಡ, ಅದು ಅಲ್ಯುಮಿನಿಯಂ ತಿನ್ನುತ್ತದೆ.

ಜೆಟ್‌ಗಳಿಗೆ ಹುಣಸೆಹಣ್ಣು, ಹಿತ್ತಾಳೆ ಚೊಂಬಿಗೆ ಮಾಡುವ ಹಾಗೇ. ಹತ್ತು ನಿಮಿಷ ನೆನೆಸಿ ತೊಳೆದುಬಿಡಿ. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಬೈಕ್ ನಿಂತಲ್ಲೇ ಓಡುವಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ತೂತು ಕೂದಲೆಳೆಯಷ್ಟು. ಚೋಕ್ ಎಳೆದರೆ ಸ್ಟಾರ್ಟ್ ಆಗಿ, ಬಿಟ್ಟರೆ ಸಾಯುವ ಬೈಕ್‌ನಲ್ಲಿ ನೂರಕ್ಕೆ ತೊಂಬತ್ತು ಸಲ ಇದೇ ಕಟ್ಟಿರುತ್ತದೆ ಅನ್ನುವುದು ನನ್ನ ಲೆಕ್ಕ. ಆಕಾಶಕ್ಕೆ ಹಿಡಿದು ನೋಡಿ. ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು, ಅರ್ಧಚಂದ್ರ ಕಂಡರೆ ಇನ್ನೂ ಕೊಳೆ ಇದೆ. ಪಿನ್ನು, ಸೂಜಿ ಹಾಕಿದರೆ ತೂತು ದೊಡ್ಡದಾಗಿ ಆಮೇಲೆ ಪೆಟ್ರೋಲ್ ಸುಮ್ನೆ ಕುಡಿಯುತ್ತದೆ. ಹಳೇ ಕರೆಂಟ್ ವೈರ್ ಸುಲಿದರೆ ಸಣ್ಣ ತಾಮ್ರದ ಎಳೆಗಳು ಸಿಗುತ್ತವೆ. ಒಂದನ್ನು ತೂರಿಸಿ ಮೆಲ್ಲಗೆ ಆಡಿಸಿ. ಹಿತ್ತಾಳೆಗಿಂತ ತಾಮ್ರ ಮೆತ್ತಗೆ, ಗೀರುವುದಿಲ್ಲ.

ಕೊನೆಗೆ ಬಾಡಿಯ ಪ್ರತಿ ತೂತಿಗೂ ಸೈಕಲ್ ಪಂಪ್‌ನಿಂದ ಗಾಳಿ ಹೊಡೆದು, ಆ ಕಡೆ ಬೆರಳಿಟ್ಟು ನೋಡಿ. ಒಂದು ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಳಗಿನ ನೀರೂ ಆರುತ್ತದೆ. ಜೋಡಿಸಿ, ಏರ್ ಸ್ಕ್ರೂ ಗೋಡೆಯ ಲೆಕ್ಕಕ್ಕೆ ತಂದು, ಟ್ಯಾಂಕ್‌ನ ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿ.

ಇಷ್ಟೆಲ್ಲ ಬೇಡ ಅನ್ನುವವರು ಮೇ ಕೊನೆಗೇ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬೌಲ್‌ನಲ್ಲಿ ಉಳಿದದ್ದನ್ನೂ ಬಸಿದು ಬೈಕನ್ನು ಒಳಗಿಡಿ. ನಾನು ಈ ವರ್ಷವೂ ಮರೆತೆ.