ರವದಿ ಕೊಳೆಸುವ ಕಿಣ್ವ: ಮಣ್ಣು ತೆಗೆದು ಹಂಚಿಕೊಳ್ಳುವುದು ಹೇಗೆ?

ಮುಧೋಳದ ಕಬ್ಬಿನ ಹೊಲಕ್ಕೆ ಹೋದರೆ ನಾನು ಮೊದಲು ಕೆದಕುವುದು ಕೊಳೆತ ರವದಿಯ (ಕಬ್ಬಿನ ಒಣಗಿದ ಎಲೆ) ಅಡಿಯ ಮಣ್ಣು. ಸೆಲ್ಯುಲೇಸ್ (ಸಸ್ಯದ ನಾರಾದ ಸೆಲ್ಯುಲೋಸನ್ನು ಒಡೆಯುವ ಕಿಣ್ವ) ಮಾಡುವ ಸೂಕ್ಷ್ಮಜೀವಿಗಳನ್ನು ಅಲ್ಲೇ ಹುಡುಕಬೇಕು. ಸಲಿಕೆಗೆ ಸ್ಪಿರಿಟ್ ಒರೆಸಿ, ಮೇಲಿನ 10 ಸೆಂ.ಮೀ. ಮಣ್ಣನ್ನು ಐದಾರು ಕಡೆ ತೆಗೆದು ಬೆರೆಸಿ. ಒಂದು ಪಾಲು ನಿಮಗೆ, ಇನ್ನೊಂದು ಜೊತೆಗಾರ ಲ್ಯಾಬ್‌ಗೆ. ನಮ್ಮ ಬಿಸಿಲಿಗೆ ಐಸ್ ಡಬ್ಬಿ ಬೇಕೇ ಬೇಕು, ಅಲ್ವಾ?

ಆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಸಿಎಂಸಿ (ನೀರಲ್ಲಿ ಕರಗುವ ಸೆಲ್ಯುಲೋಸ್) ಬೆರೆಸಿದ ಅಗಾರ್ ತಟ್ಟೆಯಲ್ಲಿ ಬೆಳೆಸಿ, ಕಾಂಗೊ ರೆಡ್ ಬಣ್ಣ ಸುರಿದು, 15 ನಿಮಿಷ ಬಿಟ್ಟು ಉಪ್ಪುನೀರಲ್ಲಿ ತೊಳೆಯಿರಿ. ಕೆಂಪು ತಟ್ಟೆಯಲ್ಲಿ ಕಾಲೊನಿ ಸುತ್ತ ತಿಳಿ ಹಳದಿ ಉಂಗುರ ಮೂಡಿದರೆ ಅಲ್ಲಿ ಸೆಲ್ಯುಲೋಸ್ ಒಡೆದಿದೆ, ಕೆಲಸ ಆಯ್ತು. ಉಂಗುರದ ಅಗಲ ನೋಡಿ ಕಿಣ್ವ ಇಷ್ಟಿದೆ ಅನ್ನಬೇಡಿ. ಅಳೆಯಲು ಡಿಎನ್‌ಎಸ್ ಪರೀಕ್ಷೆ (ಕಿಣ್ವ ಬಿಡಿಸಿದ ಸಕ್ಕರೆಯನ್ನು ಬಣ್ಣದಿಂದ ಅಳೆಯುವುದು) ಇದೆ. ಎರಡೂ ಲ್ಯಾಬ್ ಒಂದೇ ಪಿಎಚ್, ಒಂದೇ ಉಷ್ಣತೆ ಇಡದಿದ್ದರೆ ಅಂಕಿ ಹೋಲಿಸುವುದು ಸುಮ್ನೆ ದಂಡ. ವಿದೇಶಕ್ಕೆ ಕಳಿಸುವುದಾದರೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಮೊದಲೇ ನೋಡಿಕೊಳ್ಳಿ.