ಗೇಮ್ ಹೇಳುವ ಮುಂಚೆ ನಾನು ಕೇಳುವ ಪ್ರಶ್ನೆ

"ಒಂದು ಒಳ್ಳೆ ಗೇಮ್ ಹೇಳು" ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಉದ್ದದ ಪಟ್ಟಿ ಕಳಿಸುತ್ತಿದ್ದೆ. ಹತ್ತು ಹದಿನೈದು ಹೆಸರು. ಎಲ್ಲವೂ ಒಬ್ಬರೋ ಇಬ್ಬರೋ ಅಥವಾ ಸಣ್ಣ ತಂಡವೋ ಮಾಡಿದ ಇಂಡೀ ಗೇಮ್‌ಗಳು, ಎಲ್ಲವೂ ನನಗೆ ಪಂಚಪ್ರಾಣ. ತಿಂಗಳು ಬಿಟ್ಟು ವಿಚಾರಿಸಿದರೆ ಒಬ್ಬರೂ ಒಂದನ್ನೂ ಆಡಿರುತ್ತಿರಲಿಲ್ಲ. ಅಷ್ಟು ಹೆಸರು ಒಟ್ಟಿಗೆ ಕಂಡರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಈಗ ಒಬ್ಬರಿಗೆ ಒಂದೇ ಗೇಮ್ ಹೇಳುತ್ತೇನೆ. "ಯಾವ ಥರದ ಗೇಮ್ ಇಷ್ಟ?" ಅಂತ ಕೇಳುವುದನ್ನೂ ಬಿಟ್ಟಿದ್ದೇನೆ. "ಬಿಡುವಿದ್ದಾಗ ಏನು ಮಾಡುತ್ತೀರಿ?" ಅಂತ ಕೇಳುತ್ತೇನೆ. ಮುಂದಿನ ದಾರಿ ಆ ಉತ್ತರದಲ್ಲೇ ಸಿಗುತ್ತದೆ.

ನಮ್ಮ ಚಿಕ್ಕಮ್ಮ ದಿನಾ ಪದಬಂಧ ಬಿಡಿಸುತ್ತಾರೆ. ಗೇಮ್ ಅಂದರೆ ಗುಂಡು ಹಾರಿಸುವುದು ಅಂತ ಅಂದುಕೊಂಡಿದ್ದರು. ಅವರಿಗೆ 'ಚಾಂಟ್ಸ್ ಆಫ್ ಸೆನ್ನಾರ್' ಹಾಕಿಕೊಟ್ಟೆ. ಫ್ರಾನ್ಸಿನ ಪುಟ್ಟ ತಂಡವೊಂದು ಮಾಡಿದ್ದು, 2023ರಲ್ಲಿ ಬಂತು. ಒಂದು ದೊಡ್ಡ ಗೋಪುರ. ಒಂದೊಂದು ಅಂತಸ್ತಿನಲ್ಲೂ ಬೇರೆ ಬೇರೆ ಜನ, ಬೇರೆ ಬೇರೆ ಲಿಪಿ. ನಮಗೆ ಯಾವುದೂ ಬರುವುದಿಲ್ಲ. ಬಾಗಿಲ ಹತ್ತಿರ ಎರಡು ಮೂರು ಗುರುತು, ಯಾರೋ ಕೈ ಆಡಿಸಿ ಆಡುವ ಮಾತಿನಲ್ಲಿ ಅದೇ ಗುರುತು. ಅದನ್ನೆಲ್ಲ ನೋಡಿ ಅರ್ಥ ಊಹಿಸಿ ಬರೆದಿಟ್ಟುಕೊಳ್ಳಬೇಕು. ನಡುನಡುವೆ ಒಂದು ಪುಸ್ತಕದಲ್ಲಿ ಚಿತ್ರಗಳು ಬರುತ್ತವೆ. ಒಂದು ಪುಟದ ಎಲ್ಲ ಚಿತ್ರಗಳಿಗೂ ಸರಿಯಾದ ಗುರುತು ಇಟ್ಟರೆ ಮಾತ್ರ ಆ ಪದಗಳು ಖಚಿತವಾಗುತ್ತವೆ.

ಮೊದಲ ಅಂತಸ್ತಿನಲ್ಲಿ ಚಿಕ್ಕಮ್ಮ ಒಂದು ಬರಹದ ಮುಂದೆ ನಿಂತುಬಿಟ್ಟರು. "ಒಂದೇ ಗುರುತನ್ನ ಎರಡು ಸಲ ಯಾಕೆ ಬರೆದಿದ್ದಾರೆ?" ನಾನು ಸುಮ್ನೆ ಕೂತಿದ್ದೆ. ಅವರ ಬೆರಳು ಪರದೆಯ ಮೇಲೆ ಆ ಗುರುತಿನಿಂದ ಇನ್ನೊಂದಕ್ಕೆ ಹೋಗಿ ಬಂತು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯಲ್ಲಿ ನೆಟ್ಟಗಾದರು. "ಬಹುವಚನ! ನಾವು ಮನೆಮನೆ, ಊರೂರು ಅನ್ನಲ್ವಾ, ಹಂಗೆ!" ಆ ಸಂತೋಷವನ್ನು ನಾನು ಹೇಳಿಕೊಟ್ಟು ಕೊಡೋಕೆ ಆಗುತ್ತಿರಲಿಲ್ಲ.

ಈ ಗೇಮ್‌ನಲ್ಲಿ ಒಂದು ತೊಡಕಿದೆ. ಕಾವಲುಗಾರರ ಕಣ್ಣು ತಪ್ಪಿಸಿ ಹೋಗುವ ಜಾಗಗಳು ಬರುತ್ತವೆ, ಅಲ್ಲಿ ಕೈ ಚುರುಕಾಗಿರಬೇಕು. ಅಷ್ಟು ಭಾಗ ಅವರ ಪರವಾಗಿ ನಾನೇ ಆಡಿಕೊಟ್ಟೆ. ಈಗ ಯಾರಿಗೇ ಹೇಳಿದರೂ ಈ ವಿಷಯ ಮೊದಲೇ ತಿಳಿಸುತ್ತೇನೆ.

ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತದ್ದು ಅಣ್ಣನ ಮಗನಿಂದ. ಅವನಿಗೆ 'ಬಾಬಾ ಈಸ್ ಯು' ಕೊಟ್ಟಿದ್ದೆ. ಫಿನ್ಲೆಂಡಿನ ಆರ್ವಿ ತೇಯ್ಕರಿ 2017ರಲ್ಲಿ, ಕೆಲವೇ ದಿನದಲ್ಲಿ ಒಂದು ಗೇಮ್ ಮಾಡಿ ಮುಗಿಸುವ ಒಂದು ಗೇಮ್ ಜ್ಯಾಮ್‌ನಲ್ಲಿ ಶುರು ಮಾಡಿ 2019ರಲ್ಲಿ ಹೊರತಂದ ಪಜಲ್ ಅದು. ಆಟದ ನಿಯಮಗಳೇ ಅಲ್ಲಿ ತಳ್ಳಬಹುದಾದ ಕಲ್ಲುಗಳು. 'ವಾಲ್', 'ಈಸ್', 'ಸ್ಟಾಪ್' ಅನ್ನುವ ಮೂರು ಪದ ಸಾಲಾಗಿದ್ದರೆ ಗೋಡೆ ತಡೆಯುತ್ತದೆ. ಒಂದು ಪದವನ್ನು ಪಕ್ಕಕ್ಕೆ ನೂಕಿದರೆ ಅದೇ ಗೋಡೆಯೊಳಗೆ ನಡೆದು ಹೋಗಬಹುದು! ಹುಡುಗ ಒಂದು ಲೆವೆಲ್‌ನಲ್ಲಿ ಸಿಕ್ಕಿಕೊಂಡ. ನನಗೆ ತಡೆಯಲಾಗಲಿಲ್ಲ, "ಆ ಪದ ನೂಕು" ಅಂದುಬಿಟ್ಟೆ. ನೂಕಿದ, ಲೆವೆಲ್ ಮುಗಿಯಿತು, ಮುಖ ಸಪ್ಪಗಾಯಿತು. ಆಮೇಲೆ ಅವನು ಅದನ್ನು ಮುಟ್ಟಲೇ ಇಲ್ಲ. ಇವತ್ತಿಗೂ ಬೇಜಾರಾಗುತ್ತದೆ. ಈಗ ಯಾರೇ ಆಡಲಿ, ಮೊದಲ ಹದಿನೈದು ನಿಮಿಷ ಯಾವ ಕೀ ಒತ್ತಬೇಕು ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. 'ಬಾಬಾ'ದಲ್ಲಿ 200ಕ್ಕೂ ಜಾಸ್ತಿ ಲೆವೆಲ್ ಇವೆ. ಒಂದರಲ್ಲಿ ನಿಂತರೆ ನಕ್ಷೆಯಲ್ಲಿ ಇನ್ನೊಂದಕ್ಕೆ ಹೋಗಿ, ಬಿಟ್ಟದ್ದಕ್ಕೆ ನಾಳೆ ಬನ್ನಿ ಅಂತ ಮಾತ್ರ ಹೇಳುತ್ತೇನೆ.

"ಬಿಡುವಾ? ಸುಸ್ತಾಗಿ ಮಲಗ್ತೀನಿ" ಅಂದ ಗೆಳತಿಗೆ 'ಎ ಶಾರ್ಟ್ ಹೈಕ್' ಕೊಟ್ಟೆ. ಆಡಮ್ ರಾಬಿನ್ಸನ್-ಯು 2019ರಲ್ಲಿ ಹೊರತಂದ ಪುಟ್ಟ ಆಟ. ಕ್ಲೇರ್ ಅನ್ನುವ ಹಕ್ಕಿಗೆ ಫೋನ್ ಸಿಗ್ನಲ್ ಬೇಕು, ಅದಕ್ಕೆ ಬೆಟ್ಟದ ತುದಿ ಹತ್ತಬೇಕು. ಚಿನ್ನದ ಗರಿ ಸಿಕ್ಕಷ್ಟೂ ಜಾಸ್ತಿ ಹತ್ತಬಹುದು, ಮೇಲಿಂದ ತೇಲಿಕೊಂಡು ಇಳಿಯಬಹುದು. ಓಡಿಸುವ ಗಡಿಯಾರವಿಲ್ಲ, ಸಾಯಿಸುವ ಶತ್ರುವಿಲ್ಲ. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಗೆಳತಿ ಮೊದಲ ದಿನ ಬೆಟ್ಟದ ಕಡೆ ತಿರುಗಿಯೂ ನೋಡದೆ ಮೀನು ಹಿಡಿಯುತ್ತಾ ಕೂತಿದ್ದಳಂತೆ. ಅದೂ ಸರಿಯೇ. ಸಿಗ್ನಲ್ ಯಾಕೆ ಬೇಕು ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅದು ಬೆಟ್ಟದ ಮೇಲೇ ಗೊತ್ತಾಗಬೇಕು.

ಇಂಗ್ಲಿಷ್ ಓದುವುದು ಕಷ್ಟ ಅನ್ನುವವರಿಗೆ 'ಗೊರೊಗೊವಾ' ಇದೆ. ಜೇಸನ್ ರಾಬರ್ಟ್ಸ್ ಕೈಯಿಂದಲೇ ಚಿತ್ರ ಬಿಡಿಸಿ ಮಾಡಿದ್ದು, 2017ರಲ್ಲಿ ಬಂತು. ಕಥೆ ನಡೆಯುವುದು ಪೂರ್ತಿ ಚಿತ್ರಗಳಲ್ಲೇ, ಮಾತಿಲ್ಲ. ನಾಲ್ಕು ಚೌಕಗಳಲ್ಲಿ ಚಿತ್ರಗಳನ್ನು ಸರಿಸಿ ಜೋಡಿಸುತ್ತಾ ಹೋಗಬೇಕು.

ದುಡ್ಡಿನ ಚಿಂತೆಗೆ ಎರಡು ಮಾತು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇಚ್ ಡಾಟ್ ಐಒ ಅನ್ನುವ ತಾಣದಲ್ಲಿ ಉಚಿತ ಗೇಮ್‌ಗಳೂ, ಮನಸ್ಸಿಗೆ ಬಂದಷ್ಟು ಕೊಡಿ ಅನ್ನುವ ಗೇಮ್‌ಗಳೂ ರಾಶಿ ಇವೆ. ಹೊಸದನ್ನು ಹುಡುಕಲು ನಾನು ಹೋಗುವುದು ಅಲ್ಲಿಗೇ. ಒಂದು ಆಟ ಹಿಡಿಸಿದರೆ ಅದೇ ಕೈ ಮಾಡಿದ ಹಳೆಯ ಸಣ್ಣ ಆಟಗಳನ್ನೂ ತೆಗೆದು ನೋಡುತ್ತೇನೆ.

ಚಿಕ್ಕಮ್ಮ ಗೋಪುರ ಮುಗಿಸಿ ಇನ್ನೊಂದು ಕೊಡು ಅಂದರು. ಲೂಕಸ್ ಪೋಪ್ 2018ರಲ್ಲಿ ಹೊರತಂದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಕೊಟ್ಟಿದ್ದೇನೆ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಅಂತ ಕಂಡುಹಿಡಿಯಬೇಕು. ರಕ್ತ ಇದೆ ಅಂತ ಮೊದಲೇ ಹೇಳಿದ್ದೆ, ಪರವಾಗಿಲ್ಲ ಅಂದರು. ಮೂರು ಜನರದ್ದು ಸರಿಯಾದಾಗಲೇ ಆಟ 'ಸರಿ' ಅನ್ನುತ್ತದೆ. ನಿನ್ನೆ ರಾತ್ರಿ ಫೋನ್ ಮಾಡಿ "ಇಪ್ಪತ್ತೇಳು ಆಯ್ತು, ನೀನೇನೂ ಹೇಳಬೇಡ" ಅಂದು ಇಟ್ಟುಬಿಟ್ಟರು.